ಓದುಗರ ಪ್ರಶ್ನೆ: ಆರು ಸಾವಿರದ ಇಂಗ್ಲಿಷ್ ಪರೀಕ್ಷೆ ಸಾಕೇ?

ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದ ಮೇಲೂ ವಿದೇಶಕ್ಕೆ ಹೊರಟ ಮಕ್ಕಳು ದಾವಣಗೆರೆಯ ನನ್ನ ಮನೆಗೆ ಬರುತ್ತಲೇ ಇರುತ್ತಾರೆ. ಅರ್ಜಿ ಓದಿ ಕೊಡಿ, ಮಾತಾಡಿಸಿ ನೋಡಿ ಅಂತ ಕೇಳುತ್ತಾರೆ. ಈ ಸಲ ಅಂಕಣಕ್ಕೆ ಬಂದ ಪತ್ರಗಳೂ ಹೆಚ್ಚಾಗಿ ಅದೇ ವಿಷಯದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ವಿದೇಶಕ್ಕೆ ಹೋಗುವವರು ತಮಗೆ ಇಂಗ್ಲಿಷ್ ಬರುತ್ತದೆ ಅಂತ ತೋರಿಸಲು ಬರೆಯುವ ಐಇಎಲ್‌ಟಿಎಸ್, ಡುಯೊಲಿಂಗೊದಂಥ ಪರೀಕ್ಷೆಗಳ ಪತ್ರಗಳಿಗೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಿಇ ಕಂಪ್ಯೂಟರ್ ಸೈನ್ಸ್ ಮುಗಿಸಿ ರಾಣೆಬೆನ್ನೂರಿನ ಮನೆಯಲ್ಲಿದ್ದೇನೆ. ಎಂಎಸ್ ಓದಲು ಅಮೆರಿಕದ ನಾಲ್ಕು ವಿಶ್ವವಿದ್ಯಾಲಯ, ಕೆನಡಾದ ಒಂದು ನೋಡಿಟ್ಟಿದ್ದೇನೆ. ದೊಡ್ಡಪ್ಪನ ಮಗಳು ಮೆಲ್ಬರ್ನ್‌ನಲ್ಲಿ ಇರುವುದರಿಂದ ಅಲ್ಲಿಗೂ ಒಂದು ಅರ್ಜಿ ಹಾಕು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಕೋಚಿಂಗ್ ಸೆಂಟರಿನವರು ಐಇಎಲ್‌ಟಿಎಸ್ ಕಡ್ಡಾಯ, ಕೋಚಿಂಗ್ ಸೇರಿ ಮೂವತ್ತು ಸಾವಿರ ಆಗುತ್ತದೆ ಅನ್ನುತ್ತಾರೆ. ಗೆಳತಿ ಮನೆಯಲ್ಲೇ ಕೂತು ಡುಯೊಲಿಂಗೊ ಬರೆದಳು, ಆರು ಸಾವಿರದಲ್ಲಿ ಮುಗಿಯಿತು. ಅಪ್ಪನದು ಬೀಜ, ಗೊಬ್ಬರದ ಅಂಗಡಿ. ಅವರಿಗೆ ಸುಮ್ನೆ ಖರ್ಚು ಹೊರಿಸಲು ಇಷ್ಟವಿಲ್ಲ. ಯಾವುದು ಬರೆಯಲಿ?

ಉತ್ತರ: ನೋಡಮ್ಮ, ಅಪ್ಪನ ದುಡ್ಡಿನ ಬಗ್ಗೆ ಯೋಚಿಸುತ್ತಿದ್ದೀರಲ್ಲ, ಅದು ಸಂತೋಷ. ಆದರೆ ಯಾವ ಪರೀಕ್ಷೆ ಅಗ್ಗ ಅನ್ನುವುದು ಪರೀಕ್ಷೆಯ ಶುಲ್ಕ ನೋಡಿದರೆ ಗೊತ್ತಾಗುವುದಿಲ್ಲ. ನೀವು ಅರ್ಜಿ ಹಾಕುವ ಜಾಗಗಳ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಮೂರು ದೇಶಗಳಿವೆ, ಮೂರರ ನಿಯಮವೂ ಬೇರೆ ಬೇರೆ.

ಮೊದಲು ಶುಲ್ಕದ ಲೆಕ್ಕ. ಡುಯೊಲಿಂಗೊ ಇಂಗ್ಲಿಷ್ ಟೆಸ್ಟ್‌ಗೆ 2025ರಲ್ಲಿ 70 ಡಾಲರ್, ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಆಸುಪಾಸು. ಐಇಎಲ್‌ಟಿಎಸ್, ಅದರಂಥವೇ ಆದ ಟೋಫೆಲ್, ಪಿಟಿಇ ಮೂರೂ ಆಗ ಹದಿನಾರರಿಂದ ಹದಿನೆಂಟು ಸಾವಿರದ ಸುತ್ತ ಇದ್ದವು. ಶುಲ್ಕ ಆಗಾಗ ಏರುತ್ತದೆ. ಕಟ್ಟುವ ದಿನ ಆಯಾ ಪರೀಕ್ಷೆಯವರ ಸ್ವಂತ ಜಾಲತಾಣದಲ್ಲೇ ನೋಡಿ, ಏಜೆಂಟರ ಕರಪತ್ರ ನಂಬಬೇಡಿ. ನಾಲ್ಕೂ ಪರೀಕ್ಷೆಗಳ ಅಂಕ ಎರಡು ವರ್ಷ ನಡೆಯುತ್ತದೆ.

ಈಗ ಅಮೆರಿಕ. ಅಲ್ಲಿ ವಿದ್ಯಾರ್ಥಿ ವೀಸಾಕ್ಕೆ ಇಂಥದ್ದೇ ಇಂಗ್ಲಿಷ್ ಪರೀಕ್ಷೆ ಬರೆಯಿರಿ ಎನ್ನುವ ಸರ್ಕಾರಿ ಪಟ್ಟಿ ಇಲ್ಲ. ಏನು ಬೇಕು ಅಂತ ಹೇಳುವುದು ವಿಶ್ವವಿದ್ಯಾಲಯ. ತುಂಬಾ ಕಡೆ ಡುಯೊಲಿಂಗೊ ಒಪ್ಪುತ್ತಾರೆ. ಐಇಎಲ್‌ಟಿಎಸ್‌ನಲ್ಲಿ 6.5 ಕೇಳುವ ಕಡೆ ಡುಯೊಲಿಂಗೊದಲ್ಲಿ ಸಾಮಾನ್ಯವಾಗಿ 110ರಿಂದ 120ರ ಸುತ್ತಮುತ್ತ ಕೇಳುತ್ತಾರೆ. ಅದರ ಅಂಕ 10ರಿಂದ 160ರವರೆಗೆ ಇರುತ್ತದೆ.

ಆದರೆ ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ವಿಶ್ವವಿದ್ಯಾಲಯದ ಮುಖ್ಯ ಪುಟದಲ್ಲಿ ಡುಯೊಲಿಂಗೊ ನಡೆಯುತ್ತದೆ ಅಂತ ಇದ್ದರೂ, ನಿಮ್ಮ ವಿಭಾಗ ಬೇರೆ ಹೇಳಬಹುದು. ಕಂಪ್ಯೂಟರ್ ಸೈನ್ಸ್ ವಿಭಾಗದ್ದೇ ಪುಟ ತೆರೆದು ಓದಿ. ಎರಡನೆಯದು ಇನ್ನೂ ಮುಖ್ಯ, ಯಾಕೆಂದರೆ ಅದು ನಿಮ್ಮ ಅಪ್ಪನ ದುಡ್ಡಿಗೆ ನೇರವಾಗಿ ತಾಗುವ ಮಾತು. ಅಲ್ಲಿ ಪಾಠ ಮಾಡುವ ಸಹಾಯಕರ ಕೆಲಸ ಸಿಕ್ಕಿದರೆ ಎಷ್ಟೋ ಕಡೆ ಶುಲ್ಕದಲ್ಲಿ ವಿನಾಯಿತಿ, ತಿಂಗಳಿಗೆ ಸಂಬಳ ಎರಡೂ ಸಿಗುತ್ತವೆ. ಆ ಕೆಲಸಕ್ಕೆ ಹಲವು ವಿಶ್ವವಿದ್ಯಾಲಯಗಳು ಮಾತಾಡುವ ಭಾಗದಲ್ಲಿ ಬೇರೆಯದೇ ಕನಿಷ್ಠ ಅಂಕ ಕೇಳುತ್ತವೆ. ಕೆಲವು ಕಡೆ ಅದನ್ನು ಟೋಫೆಲ್ ಅಥವಾ ಐಇಎಲ್‌ಟಿಎಸ್‌ನ ಅಂಕದಲ್ಲೇ ಹೇಳಿರುತ್ತಾರೆ. ಹತ್ತು ಸಾವಿರ ಉಳಿಸಲು ಹೋಗಿ ಲಕ್ಷಗಟ್ಟಲೆಯ ಸಹಾಯ ಕೈತಪ್ಪಬಾರದಲ್ವಾ? ಆ ಒಂದು ಸಾಲನ್ನು ನಾಲ್ಕೂ ಕಡೆ ಹುಡುಕಿ. ಸಿಗದಿದ್ದರೆ ವಿಭಾಗದ ಪ್ರವೇಶ ನೋಡಿಕೊಳ್ಳುವವರಿಗೆ ಒಂದು ಇಮೇಲ್ ಹಾಕಿ. ನಾಲ್ಕು ಸಾಲಿನ ಇಮೇಲ್ ಸಾಕು. ಅದೇ ಇಮೇಲ್‌ನಲ್ಲಿ, ನಿಮ್ಮ ಪದವಿ ಪೂರ್ತಿ ಇಂಗ್ಲಿಷ್ ಮಾಧ್ಯಮದಲ್ಲಿ ಆಗಿರುವುದರಿಂದ ಪರೀಕ್ಷೆಯಿಂದ ವಿನಾಯಿತಿ ಉಂಟೇ ಅಂತಲೂ ಕೇಳಿ. ಕೆಲವು ಕಡೆ ಕೊಡುತ್ತಾರೆ. ಕೇಳದೆ ಯಾರೂ ಕೊಡುವುದಿಲ್ಲ.

ಕೆನಡಾ ಸ್ವಲ್ಪ ಬೇರೆ. ಐಇಎಲ್‌ಟಿಎಸ್ ಕಡ್ಡಾಯ ಅಂತ ನಿಮ್ಮ ಕೋಚಿಂಗ್‌ನವರು ಹೇಳುತ್ತಿರುವುದಕ್ಕೆ ಹಳೆಯ ಒಂದು ಕಾರಣ ಇರಬಹುದು. ಎಸ್‌ಡಿಎಸ್ ಅಂತ ಬೇಗ ವೀಸಾ ಕೊಡುವ ಒಂದು ದಾರಿ ಇತ್ತು, ಅದಕ್ಕೆ ನಿಗದಿಯಾದ ಪರೀಕ್ಷೆಗಳೇ ಬೇಕಿತ್ತು. ಅದನ್ನು ಕೆನಡಾ 2024ರ ನವೆಂಬರ್ 8ರಂದು ನಿಲ್ಲಿಸಿತು. ಈಗ ಪ್ರವೇಶಕ್ಕೆ ಯಾವ ಪರೀಕ್ಷೆ ಬೇಕು ಅನ್ನುವುದನ್ನು ಅಲ್ಲಿಯ ವಿಶ್ವವಿದ್ಯಾಲಯವನ್ನೇ ಕೇಳಬೇಕು. ಆದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಪರ್ಮಿಟ್‌ಗೆ, 2024ರ ನವೆಂಬರ್ 1ರಿಂದ ಅರ್ಜಿ ಹಾಕುವವರು ಹೊಸದಾಗಿ ಭಾಷಾ ಪರೀಕ್ಷೆಯ ಅಂಕ ತೋರಿಸಬೇಕು. ಅದಕ್ಕೆ ಇಂಗ್ಲಿಷ್‌ನಲ್ಲಿ ಐಇಎಲ್‌ಟಿಎಸ್ ಜನರಲ್, ಸೆಲ್‌ಪಿಪ್ ಜನರಲ್, ಪಿಟಿಇ ಕೋರ್ ಎಂಬ ಪರೀಕ್ಷೆಗಳು ನಡೆಯುತ್ತವೆ. ಈಗ ನೀವು ಪ್ರವೇಶಕ್ಕೆ ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಆಗಲಿ, ಡುಯೊಲಿಂಗೊ ಆಗಲಿ ಆಗ ಕೆಲಸಕ್ಕೆ ಬರುವುದಿಲ್ಲ. ಅಂದರೆ ಕೆನಡಾದ ಆ ಖರ್ಚು ಹೇಗಿದ್ದರೂ ಮುಂದೆ ಇದ್ದೇ ಇದೆ. ಈಗಲೇ ದುಬಾರಿ ಪರೀಕ್ಷೆ ಬರೆದುಬಿಟ್ಟರೆ ಮುಂದಕ್ಕೂ ಆಯಿತು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಆಸ್ಟ್ರೇಲಿಯಾದಲ್ಲಿ ವಿಶ್ವವಿದ್ಯಾಲಯ ಒಪ್ಪಿದರೂ ವೀಸಾದವರು ಒಪ್ಪಬೇಕು. ಅವರ ಪಟ್ಟಿಯಲ್ಲಿ ಐಇಎಲ್‌ಟಿಎಸ್, ಪಿಟಿಇ ಇವೆ, ಡುಯೊಲಿಂಗೊ ಇಲ್ಲ. ಪಟ್ಟಿಯಲ್ಲಿರುವ ಪರೀಕ್ಷೆಯನ್ನೂ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಮನೆಯಲ್ಲಿ ಕೂತು ಬರೆದ ಟೋಫೆಲ್ ವೀಸಾಕ್ಕೆ ನಡೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಅವರು ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐಇಎಲ್‌ಟಿಎಸ್ ಅಂಕವನ್ನು 5.5ರಿಂದ 6ಕ್ಕೆ ಏರಿಸಿದ್ದಾರೆ.

ಇಷ್ಟು ನೋಡಿದ ಮೇಲೆ ನಿಮ್ಮ ಉತ್ತರ ಮೆಲ್ಬರ್ನ್‌ನ ಅರ್ಜಿಯ ಮೇಲೆ ನಿಂತಿದೆ. ಅದು ನಿಜವಾಗಿ ಹೋಗುವ ಮನಸ್ಸಿದ್ದು ಹಾಕುವ ಅರ್ಜಿಯೇ, ಅಥವಾ ಮನೆಯವರು ಹೇಳಿದರು ಅಂತ ಹಾಕುವ ಅರ್ಜಿಯೇ? ಮನಸ್ಸಿದ್ದರೆ ಬೆಂಗಳೂರಿಗೆ ಹೋಗಿ ಐಇಎಲ್‌ಟಿಎಸ್ ಅಕಾಡೆಮಿಕ್ ಅಥವಾ ಪಿಟಿಇ ಅಕಾಡೆಮಿಕ್ ಒಂದನ್ನೇ ಬರೆಯಿರಿ. ಆರು ಜಾಗಕ್ಕೂ ಅದೊಂದೇ ಸಾಕಾಗುವಂತೆ ನೋಡಿಕೊಳ್ಳಿ. ಡುಯೊಲಿಂಗೊಗೆ ಆರು ಸಾವಿರ ಕಟ್ಟಿ, ಆಮೇಲೆ ಮೆಲ್ಬರ್ನ್‌ಗೋಸ್ಕರ ಹದಿನೆಂಟು ಸಾವಿರ ಕಟ್ಟುವುದು ಬೇಡ. ಮನಸ್ಸಿಲ್ಲದಿದ್ದರೆ ಈಗಲೇ ಮನೆಯಲ್ಲಿ ಕೂತು ಮಾತಾಡಿ ಆ ಅರ್ಜಿ ಬಿಡಿ. ಉಳಿದ ಐದೂ ಕಡೆ ಡುಯೊಲಿಂಗೊ ಒಪ್ಪುವುದಾದರೆ, ಪಾಠದ ಕೆಲಸಕ್ಕೂ ಅದು ಅಡ್ಡಿಯಾಗದಿದ್ದರೆ, ಧೈರ್ಯವಾಗಿ ಅದನ್ನೇ ಬರೆಯಿರಿ. ಕಡಿಮೆ ಶುಲ್ಕದ ಪರೀಕ್ಷೆ ಬರೆದವರು ಕಡಿಮೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ಅಂಕ ಕಳಿಸುವ ಖರ್ಚನ್ನೂ ಕೂಡಿಸಿಕೊಳ್ಳಿ. ಡುಯೊಲಿಂಗೊ, ಪಿಟಿಇ ಎರಡರಲ್ಲೂ ಎಷ್ಟು ಕಡೆಗೆ ಬೇಕಾದರೂ ಅಂಕವನ್ನು ಉಚಿತವಾಗಿ ಕಳಿಸಬಹುದು. ಟೋಫೆಲ್‌ನಲ್ಲಿ ಪರೀಕ್ಷೆಗೆ ಮುಂಚೆಯೇ ಆರಿಸಿದ ನಾಲ್ಕು ಕಡೆಗೆ ಉಚಿತ, ಆಮೇಲೆ ಒಂದೊಂದಕ್ಕೂ ಡಾಲರ್ ಲೆಕ್ಕದಲ್ಲಿ ಕಟ್ಟಬೇಕು. ಆರೇಳು ಕಡೆ ಅರ್ಜಿ ಹಾಕುವವರಿಗೆ ಇದೂ ಸಣ್ಣ ಮೊತ್ತವಲ್ಲ.

ಕೋಚಿಂಗ್ ಬೇಕೇ? ನಿಮ್ಮ ಪತ್ರ ಇಂಗ್ಲಿಷ್‌ನಲ್ಲೂ ಬಂದಿತ್ತು, ಓದಿದ್ದೇನೆ. ಅಷ್ಟು ಬರೆಯಬಲ್ಲವರಿಗೆ ಹನ್ನೆರಡು ಸಾವಿರದ ಕೋಚಿಂಗ್ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಡುಯೊಲಿಂಗೊದವರದೇ ಉಚಿತ ಅಭ್ಯಾಸ ಪರೀಕ್ಷೆ ಇದೆ, ಕೊನೆಗೆ ಅಂದಾಜು ಅಂಕವನ್ನೂ ತೋರಿಸುತ್ತದೆ. ಮೊದಲು ಅದನ್ನು ಬರೆದು ನೋಡಿ. ಬೇಕಾದ ಅಂಕಕ್ಕಿಂತ ತುಂಬಾ ಕೆಳಗೆ ಬಂದರೆ ಆಗ ಕೋಚಿಂಗ್ ಯೋಚಿಸಿ.

ನಮ್ಮ ಕಡೆಯ ಮಕ್ಕಳು ಎಲ್ಲಿ ಅಂಕ ಕಳೆದುಕೊಳ್ಳುತ್ತಾರೆ ಅನ್ನುವುದನ್ನು ತರಗತಿಯಲ್ಲಿ ಬಹಳ ವರ್ಷ ನೋಡಿದ್ದೇನೆ. ಕೇಳಿಸಿಕೊಂಡು ಬರೆಯುವಾಗ ನಾಮಪದದ ಮುಂದಿನ 'ಎ', 'ದಿ' ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ಅಂಥ ಪದಗಳು ಇಲ್ಲದ್ದರಿಂದ ಕಿವಿ ಅದನ್ನು ಹಿಡಿಯುವುದಿಲ್ಲ. ದಿನಾ ಹತ್ತು ನಿಮಿಷ ಇಂಗ್ಲಿಷ್ ಸುದ್ದಿ ಕೇಳಿ, ಒಂದೊಂದು ವಾಕ್ಯ ನಿಲ್ಲಿಸಿ ಬರೆದು, ಮತ್ತೆ ಕೇಳಿ ತಿದ್ದಿಕೊಳ್ಳಿ. ಹದಿನೈದು ದಿನದಲ್ಲಿ ವ್ಯತ್ಯಾಸ ಕಾಣುತ್ತದೆ. ಫೋಟೊ ನೋಡಿ ಮಾತಾಡುವ ಭಾಗದಲ್ಲಿ ಎರಡು ವಾಕ್ಯ ಹೇಳಿ ಸುಮ್ಮನಾಗುತ್ತಾರೆ. ಫೋಟೊದಲ್ಲಿ ಏನಿದೆ ಅಂತ ಹೇಳಿದ ಮೇಲೆ ಅಲ್ಲಿ ಮೊದಲು ಏನಾಗಿರಬಹುದು, ಮುಂದೆ ಏನಾಗಬಹುದು ಅಂತ ಮುಂದುವರಿಸಬೇಕು. ಮನೆಯಲ್ಲಿರುವ ಮದುವೆ ಆಲ್ಬಮ್ ಇಟ್ಟುಕೊಂಡೇ ಅಭ್ಯಾಸ ಮಾಡಿ. ನನ್ನ ಹತ್ತಿರ ಬಂದವರಿಗೆ ನಾನು ಕೊಡುವುದೂ ನಮ್ಮ ಮನೆಯ ಆಲ್ಬಮ್ಮನ್ನೇ. ಉಚ್ಚಾರ ಅಮೆರಿಕದವರಂತೆ ಇರಬೇಕಿಲ್ಲ. ಸ್ಪಷ್ಟವಾಗಿದ್ದರೆ ಸಾಕು.

ಕೊನೆಯದಾಗಿ, ಮನೆಯಲ್ಲಿ ಬರೆಯುವ ಪರೀಕ್ಷೆಗೆ ಮನೆಯನ್ನೂ ಸಿದ್ಧಮಾಡಬೇಕು. ಡುಯೊಲಿಂಗೊ ಸುಮಾರು ಒಂದು ಗಂಟೆಯ ಪರೀಕ್ಷೆ, ಫಲಿತಾಂಶ ಎರಡು ದಿನದೊಳಗೆ ಬರುತ್ತದೆ. ಆ ಒಂದು ಗಂಟೆ ಕೋಣೆಯಲ್ಲಿ ನೀವು ಒಬ್ಬರೇ ಇರಬೇಕು. ಹೆಡ್‌ಫೋನ್ ಹಾಕುವಂತಿಲ್ಲ, ಕಿವಿ ಕಾಣುತ್ತಿರಬೇಕು, ಕಣ್ಣು ಪರದೆ ಬಿಟ್ಟು ಆಚೀಚೆ ಹೋಗಬಾರದು. ಎರಡನೇ ಕ್ಯಾಮೆರಾ ಆಗಿ ಫೋನನ್ನು ಪಕ್ಕದಲ್ಲಿ ನಿಲ್ಲಿಸಲು ಹೇಳಿದರೆ ಅದಕ್ಕೂ ಜಾಗ ಮಾಡಿಕೊಳ್ಳಿ. ಪರೀಕ್ಷೆಯ ವಿಡಿಯೊವನ್ನು ಆಮೇಲೆ ಪರಿಶೀಲಿಸಿಯೇ ಅಂಕ ಕೊಡುತ್ತಾರೆ. ಅಮ್ಮ ಪ್ರೀತಿಯಿಂದ ಕಾಫಿ ತಂದು ಬಾಗಿಲು ತೆರೆದರೂ ಪರೀಕ್ಷೆ ರದ್ದಾಗಬಹುದು, ಮೊದಲೇ ಹೇಳಿಡಿ. ಮನೆಮಂದಿ ಏಳುವ ಮುಂಚೆ, ಬೆಳಗಿನ ಐದೂವರೆಗೆ ಬರೆಯುವುದು ಒಳ್ಳೆಯದು. ಯಾವ ಹೊತ್ತಿನಲ್ಲಾದರೂ ಬರೆಯಬಹುದು ಅನ್ನುವುದೇ ಇದರ ದೊಡ್ಡ ಅನುಕೂಲ. ಕರೆಂಟು ಹೋದರೆ ಅಂತ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಡಿ. ರೂಟರ್ ಯುಪಿಎಸ್ ಮೇಲೆ ಇರಲಿ.

ಪ್ರಶ್ನೆ: ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಪೂರ್ತಿ ಬಂದಿದೆ. ಪರೀಕ್ಷೆಗೆ ಯಾವ ಹೆಸರು ಕೊಡಲಿ? — ಒಬ್ಬ ಓದುಗ, ಹಾಸನ

ಉತ್ತರ: ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಕೊಡಿ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಪರೀಕ್ಷೆಯ ದಿನ ತೋರಿಸುವುದೂ ಪಾಸ್‌ಪೋರ್ಟ್, ವೀಸಾ ಅಂಟಿಸುವುದೂ ಪಾಸ್‌ಪೋರ್ಟಿಗೇ.

ಈ ತೊಂದರೆ ನಮ್ಮ ಹಳೆಯ ಮೈಸೂರು ಕಡೆಯವರಿಗೆ ಜಾಸ್ತಿ, ಯಾಕೆಂದರೆ ಮನೆತನದ ಹೆಸರು ಅಂತ ಬೇರೆ ಬರೆಯುವ ರೂಢಿ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಕೆಲವರು ಸರ್‌ನೇಮ್ ಜಾಗ ಖಾಲಿ ಬಿಟ್ಟು ಪೂರ್ತಿ ಹೆಸರನ್ನು ಒಂದೇ ಕಡೆ ತುಂಬಿರುತ್ತಾರೆ. ಹಾಗಿದ್ದರೆ ಅಮೆರಿಕದ ವೀಸಾ ಅರ್ಜಿಯಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರುತ್ತದೆ. ಹೆಸರು ತಿಳಿಯದು ಎಂಬ ಅರ್ಥದ ಆ ಮೂರಕ್ಷರ ಅಲ್ಲಿ ಬ್ಯಾಂಕು, ಲೈಸೆನ್ಸು, ಎಲ್ಲ ಕಡೆ ಬೆನ್ನು ಹತ್ತುತ್ತದೆ. ಇನ್ನೂ ಪಾಸ್‌ಪೋರ್ಟ್ ಮಾಡಿಸದವರು ಅರ್ಜಿ ಹಾಕುವಾಗಲೇ ಎರಡೂ ಜಾಗ ತುಂಬಿ. ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಇಂಗ್ಲಿಷ್ ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆ ಆಗಬೇಕಾದ ಮೊದಲ ಕೆಲಸ ಇದು.

ಮಾರ್ಕ್ಸ್ ಕಾರ್ಡಿನ ಹೆಸರು ಬೇರೆ ಇರುವುದಕ್ಕೆ, ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಕೇಳಿದಾಗ ಕೊಟ್ಟರೆ ಆಯಿತು.

ಪ್ರಶ್ನೆ: ನಾವು ಶಿರಸಿ ಕಡೆಯ ಅಡಿಕೆ ಬೆಳೆಗಾರರು. ಮಗ ಜರ್ಮನಿಯಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್ ಓದಬೇಕು ಅನ್ನುತ್ತಾನೆ. ಕಾಲೇಜಿನಿಂದ ಇಂಗ್ಲಿಷ್ ಮಾಧ್ಯಮದ ಪತ್ರ ತಂದರೆ ಪರೀಕ್ಷೆಯೇ ಬೇಡ, ಎಪಿಎಸ್‌ಗೆ ಹದಿನೆಂಟು ಸಾವಿರ ಕಟ್ಟಿದರೆ ಸಾಕು ಅಂತ ಒಬ್ಬ ಏಜೆಂಟ್ ಹೇಳಿದ. ನಿಜವೇ?

ಉತ್ತರ: ರಾಯರೇ, ಅರ್ಧ ನಿಜ. ಏಜೆಂಟ್ ಎರಡು ಬೇರೆ ವಿಷಯಗಳನ್ನು ಒಂದು ಮಾಡಿ ಹೇಳಿದ್ದಾನೆ.

ಎಪಿಎಸ್ ಅನ್ನುವುದು ಮಗನ ಮಾರ್ಕ್ಸ್ ಕಾರ್ಡುಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪ್ರಮಾಣಪತ್ರ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಜರ್ಮನಿಯ ವೀಸಾಕ್ಕೆ ಅದು ಬೇಕು, ಶುಲ್ಕ 18,000 ರೂಪಾಯಿ. ಅದಕ್ಕೂ ಇಂಗ್ಲಿಷ್ ಪರೀಕ್ಷೆಗೂ ಸಂಬಂಧವಿಲ್ಲ. ಅದನ್ನು ಅವರ ಜಾಲತಾಣದಲ್ಲಿ ಮಗನೇ ನೇರವಾಗಿ ಮಾಡಿಸಬಹುದು, ಮಧ್ಯೆ ಯಾರಿಗೂ ಕಮಿಷನ್ ಕೊಡಬೇಕಿಲ್ಲ.

ಇಂಗ್ಲಿಷ್ ಮಾಧ್ಯಮದ ಪತ್ರವನ್ನು ಒಪ್ಪುವ ಕೋರ್ಸುಗಳು ಜರ್ಮನಿಯಲ್ಲಿ ಇವೆ, ಒಪ್ಪದವೂ ಇವೆ. ಅಲ್ಲಿ ಒಂದೇ ವಿಶ್ವವಿದ್ಯಾಲಯದ ಎರಡು ಕೋರ್ಸುಗಳಿಗೂ ನಿಯಮ ಬೇರೆ ಇರಬಹುದು. ತುಂಬಾ ಕಡೆ ಐಇಎಲ್‌ಟಿಎಸ್ ಅಥವಾ ಟೋಫೆಲ್ ಅಂತಲೇ ಬರೆದಿರುತ್ತಾರೆ, ಡುಯೊಲಿಂಗೊ ಒಪ್ಪುವುದು ಅಮೆರಿಕಕ್ಕೆ ಹೋಲಿಸಿದರೆ ಕಮ್ಮಿ. ಹಾಗಾಗಿ ಜರ್ಮನಿಗೇ ಹೋಗುವುದು ಖಚಿತ ಅಂತಾದರೆ, ಅಗ್ಗದ ಪರೀಕ್ಷೆ ಹುಡುಕುವುದಕ್ಕಿಂತ ಒಂದೇ ಐಇಎಲ್‌ಟಿಎಸ್ ಬರೆದು ಹತ್ತು ಕಡೆ ಅರ್ಜಿ ಹಾಕುವುದು ಮೇಲು. ಅಲ್ಲಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದಿರುವುದರಿಂದ ಈ ಪರೀಕ್ಷೆಯ ಖರ್ಚು ನಿಮಗೆ ಭಾರವಾಗಲಾರದು. ಆದರೆ ಒಂದು ವರ್ಷದ ಜೀವನಕ್ಕೆ ಅಂತ ಖಾತೆಯಲ್ಲಿ ತೋರಿಸಬೇಕಾದ ಮೊತ್ತ 11,904 ಯುರೋ. ಅಡಿಕೆ ಮಾರುವ ಹೊತ್ತಿಗೆ ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ, ಚಿಂತೆ ಮಾಡಬೇಕಾದ ಮೊತ್ತ ಅದು.

ಪ್ರಶ್ನೆ: ಉಡುಪಿಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಬ್ರಿಟನ್‌ಗೆ ಹೋಗಲು ಡುಯೊಲಿಂಗೊ ಸಾಕಾಗುತ್ತದೆಯೇ?

ಉತ್ತರ: ನರ್ಸ್ ಆಗಿ ನೋಂದಣಿಗೆ ಸಾಕಾಗುವುದಿಲ್ಲ. ಅಲ್ಲಿಯ ನರ್ಸಿಂಗ್ ಕೌನ್ಸಿಲ್ ಒಪ್ಪುವುದು ಐಇಎಲ್‌ಟಿಎಸ್ ಅಕಾಡೆಮಿಕ್ ಅಥವಾ ಆಸ್ಪತ್ರೆ ಕೆಲಸದವರಿಗೆಂದೇ ಇರುವ ಒಇಟಿ ಪರೀಕ್ಷೆ. ಐಇಎಲ್‌ಟಿಎಸ್‌ನಲ್ಲಿ ಓದು, ಕೇಳುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಒಇಟಿಗೆ ಶುಲ್ಕ ಇನ್ನೂ ಜಾಸ್ತಿ. ಆದರೆ ಅದರಲ್ಲಿ ಬರುವುದೆಲ್ಲ ನಿಮ್ಮ ವಾರ್ಡಿನ ಮಾತೇ. ರೋಗಿಯ ಜೊತೆ ಮಾತಾಡುವುದು, ಬೇರೆ ಆಸ್ಪತ್ರೆಗೆ ಕಳಿಸುವ ಪತ್ರ ಬರೆಯುವುದು, ಇಂಥವು. ಐಇಎಲ್‌ಟಿಎಸ್‌ನ ಪ್ರಬಂಧದಲ್ಲಿ ಮತ್ತೆ ಮತ್ತೆ 6ಕ್ಕೆ ನಿಂತುಬಿಡುವ ನರ್ಸುಗಳನ್ನು ನೋಡಿದ್ದೇನೆ. ಅಂಥವರಿಗೆ ದುಬಾರಿಯಾದ ಒಇಟಿಯೇ ಕೊನೆಗೆ ಅಗ್ಗವಾಗಿ ಬೀಳುತ್ತದೆ.

ಪ್ರಶ್ನೆ: ಫೋನಿನಲ್ಲಿ ಹಸಿರು ಗೂಬೆಯ ಡುಯೊಲಿಂಗೊ ಆ್ಯಪ್‌ನಲ್ಲಿ ಒಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅದರ ಅಂಕವನ್ನೇ ಕಳಿಸಬಹುದೇ? — ಪಿಯುಸಿ ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಆಗುವುದಿಲ್ಲ ಮಗಳೇ. ಕಂಪನಿ ಒಂದೇ ಆದರೂ ಆ್ಯಪ್ ಬೇರೆ, ಪರೀಕ್ಷೆ ಬೇರೆ. ಪರೀಕ್ಷೆಗೆ ಬೇರೆ ಜಾಲತಾಣವಿದೆ, ದುಡ್ಡು ಕಟ್ಟಿ ಬರೆಯಬೇಕು. ನೀನು ಇನ್ನೂ ಪಿಯುಸಿ ಅನ್ನುತ್ತೀಯ, ಅವಸರ ಬೇಡ. ಎಲ್ಲಿದ್ದೇನೆ ಅಂತ ತಿಳಿಯಬೇಕಾದರೆ ಇಎಫ್ ಸೆಟ್ ಅಂತ ಉಚಿತ ಪರೀಕ್ಷೆ ಇದೆ, ಅದನ್ನು ಬರೆದು ನೋಡು. ಆ ವರ್ಷ ಮಾಡಿದ ಪಾಠ ವ್ಯರ್ಥ ಅಂದುಕೊಳ್ಳಬೇಡ, ಬಿಡದೆ ಮುಂದುವರಿಸು.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಒಬ್ಬರು, ಆನ್‌ಲೈನ್ ಪರೀಕ್ಷೆಯನ್ನು ನಾವೇ ಬರೆದುಕೊಡುತ್ತೇವೆ, ಅಂಕ ಗ್ಯಾರಂಟಿ, ಇಪ್ಪತ್ತೈದು ಸಾವಿರ ಅನ್ನುತ್ತಿದ್ದಾರೆ. ಮಗನಿಗೆ ಇಂಗ್ಲಿಷ್ ಭಯ. ಮಾಡಿಸಬಹುದೇ? — ಒಬ್ಬ ತಂದೆ, ತುಮಕೂರು

ಉತ್ತರ: ಬೇಡವೇ ಬೇಡ. ನೀವು ಕೇಳಿದ್ದು ಒಳ್ಳೆಯದಾಯಿತು, ಕೇಳದೆ ಕಟ್ಟಿಬಿಡುವವರು ಇದ್ದಾರೆ.

2022ರಲ್ಲಿ ಗುಜರಾತಿನ ಮೆಹ್ಸಾಣಾ ಕಡೆಯ ಕೆಲವು ಹುಡುಗರು ಕೆನಡಾ ಗಡಿಯಿಂದ ಅಮೆರಿಕಕ್ಕೆ ಕದ್ದು ದಾಟುವಾಗ ಸಿಕ್ಕಿಬಿದ್ದರು. ಐಇಎಲ್‌ಟಿಎಸ್‌ನಲ್ಲಿ 6.5, 7 ಅಂಕ ಪಡೆದವರು ಅವರು. ಆದರೆ ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ, ಹಿಂದಿ ಅನುವಾದಕರ ಸಹಾಯ ಬೇಕಾಯಿತು. ಆ ಅಂಕ ಹೇಗೆ ಬಂತು ಅಂತ ಇಲ್ಲಿ ಪೊಲೀಸ್ ತನಿಖೆ ನಡೆಯಿತು. ಅದಕ್ಕೂ ಮುಂಚೆ, 2014ರಲ್ಲಿ, ಬ್ರಿಟನ್‌ನ ಕೆಲವು ಕೇಂದ್ರಗಳಲ್ಲಿ ಟೋಯಿಕ್ ಎಂಬ ಪರೀಕ್ಷೆಯನ್ನು ಬೇರೆಯವರು ಬರೆದುಕೊಡುತ್ತಿರುವುದನ್ನು ಬಿಬಿಸಿ ತೋರಿಸಿತು. ಆಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಅಂಕಗಳನ್ನು ಅಸಿಂಧು ಎಂದು ಘೋಷಿಸಿದರು. ಪ್ರಾಮಾಣಿಕವಾಗಿ ಬರೆದವರೂ ಅದರಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಕೋರ್ಟು ಅಲೆದರು.

ನಿಮ್ಮ ಮಗ ವೀಸಾ ಸಂದರ್ಶನದಲ್ಲಿ ಒಬ್ಬನೇ ನಿಂತು ಮಾತಾಡಬೇಕು. ತರಗತಿಯಲ್ಲೂ ಅಷ್ಟೇ. ಅಂಕ ಕೊಂಡುಕೊಂಡು ಹೋದರೆ ಮೊದಲ ವಾರದಲ್ಲೇ ಕಷ್ಟ ಶುರು. ಭಯ ಇದ್ದರೆ ಆರು ತಿಂಗಳು ತಡವಾಗಲಿ, ಪರವಾಗಿಲ್ಲ. ವಿದೇಶದಲ್ಲಿ ಪ್ರವೇಶ ವರ್ಷಕ್ಕೆ ಒಂದೇ ಸಲ ಅಲ್ಲ, ಎಷ್ಟೋ ಕಡೆ ಜನವರಿಯಲ್ಲೂ ತರಗತಿ ಶುರುವಾಗುತ್ತದೆ. ದಿನಾ ಅರ್ಧ ಗಂಟೆ ಅವನ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡುವ ಒಬ್ಬರನ್ನು ಹುಡುಕಿ. ನೆಂಟರಲ್ಲಿ, ಹಳೆಯ ಶಿಕ್ಷಕರಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಯಾರೂ ಸಿಗದಿದ್ದರೆ ಈ ಅಂಕಣದ ವಿಳಾಸಕ್ಕೆ ಮತ್ತೆ ಬರೆಯಿರಿ. ವಾರಕ್ಕೆ ಒಂದು ಸಂಜೆ ಫೋನಿನಲ್ಲಿ ನಾನೇ ಮಾತಾಡಿಸುತ್ತೇನೆ.